ಒಂದು ಧ್ವನಿಮುದ್ರಿಕೆಯ ನಿಮಿತ್ತ

ಶ್ರೀಮತಿ ಆರ್. ಎ. ರಮಾಮಣಿಯವರ ಹೆಸರನ್ನು ಈ ಪತ್ರಿಕೆಯ ವಾಚಕರಲ್ಲಿ ಎಷ್ಟು ಮಂದಿ ಕೇಳಿರುವರೋ ನಾನರಿಯೆ. ನಾನಂತೂ ಹೋದ ಆಷಾಢಮಾಸದವರೆಗೆ ಕೇಳಿದವನಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಸಂಗೀತದ ಅಭಿರುಚಿಯುಳ್ಳವರೆಂದು ಹೆಸರಾದ ಹತ್ತಾರು ಮನೆಗಳಲ್ಲಿ ತರುವಾಯ ವಿಚಾರಿಸಿ ನೋಡಿದೆನು. ಗಂಗೂಬಾಯಿ ಹಾನಗಲ್ಲ, ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ ಎಂದೊಡನೆ ಒಂದೊಂದು ಕಥೆಯನ್ನು ಹೇಳಲು ಸಿದ್ಧರಾಗುವ ಆ ಮಹನೀಯರೆಲ್ಲ ಈ ಹೆಸರಿಗೆ ಮಾತ್ರ ಹುಬ್ಬೇರಿಸಿದರು. ಮಿತ್ರರೊಬ್ಬರು "ಮದರಾಸಿನವರೋ?" ಎಂದು ಕೇಳಿದರು. ಬೆಂಗಳೂರಿನಲ್ಲಿದ್ದುಕೊಂಡು, ಕರ್ನಾಟಕವೆಂಬ ಹೆಸರನ್ನೇ ಹೊತ್ತ ಒಂದು ವಾದ್ಯಶಾಲೆಯೊಡನೆ ತಮ್ಮ ಬಾಳನ್ನು ಹೆಣೆದುಕೊಂಡು, ಆ ಹೆಸರನ್ನು ಜರ್ಮನ್ ದೇಶದ ಸಭಾಗೃಹಗಳವರೆಗೆ ಕೊಂಡೊಯ್ದ ಗಾಯಕಿಯೊಬ್ಬರ ವಿಷಯದಲ್ಲಿ ನಮ್ಮ ಅಜ್ಞಾನವು ಇಷ್ಟು ಸಂಪೂರ್ಣವಾಗಿರಬಾರದಿತ್ತು. ಆದರೆ ಪರರ ಅಜ್ಞಾನವನ್ನು ಎತ್ತಿ ಆಡುವ ಅಧಿಕಾರ ನನಗಿಲ್ಲವೆಂಬುದು ಮುಂದಿನ ಸಂಗತಿಗಳಿಂದ ವಾಚಕರಿಗೆ ತಿಳಿಯುವುದು.

ಮೊದಲೇ ಹೇಳಿಬಿಡುವೆನು, ನಾನು ಸಂಗೀತಜ್ಞನಲ್ಲ. ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿ, ಬಳಿಕ ಹೈಸ್ಕೂಲಿನಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಂದ ಶಬ್ದರೂಪಗಳನ್ನು ಬಾಯಿಪಾಠ ಹೇಳಿಸಿದವನು. ಸಂಗೀತಶಾಸ್ತ್ರವನ್ನು ಗ್ರಂಥಮುಖದಿಂದ ಕೊಂಚ ಬಲ್ಲೆನೇ ಹೊರತು ಕಂಠಮುಖದಿಂದ ಬಲ್ಲವನಲ್ಲ. ನಮ್ಮ ಮನೆಯಲ್ಲಿ ಕಂಠವಿದ್ದುದು ನನ್ನ ತಂಗಿಗೆ.

ಆಷಾಢದಲ್ಲಿ ನಮ್ಮ ಮಾವಳ್ಳಿಯ ಕಡೆ ಸಮುದ್ರದ ಮೊರೆತಕ್ಕೂ ಮಳೆಯ ಮೊರೆತಕ್ಕೂ ಭೇದ ತಿಳಿಯದು. ದೋಣಿಗಳೆಲ್ಲ ದಡವೇರಿ ಮಡಲು ಹೊದ್ದು ಮಲಗಿರುತ್ತವೆ. ಮುರುಡೇಶ್ವರಕ್ಕೆ ಬರುವ ಯಾತ್ರಿಕರ ಗದ್ದಲವೂ ಇಳಿದಿರುತ್ತದೆ. ಅಂಥ ಒಂದು ಸಂಜೆ ವಿದ್ಯುತ್ತು ಹೋಗಿ, ಜಗಲಿಯಲ್ಲಿ ದೀಪ ಹಚ್ಚಿಟ್ಟು ಕುಳಿತಿದ್ದೆವು. ತಂಗಿ ತವರಿಗೆ ಬಂದಿದ್ದಳು. ಅವಳ ಮಗ ಜರ್ಮನಿಯ ಕಲೋನ್ ಪಟ್ಟಣದಲ್ಲಿ ಉದ್ಯೋಗದಲ್ಲಿರುವವನು, ರಜೆಯ ಮೇಲೆ ಬಂದವನು, ತಾಯಿಯೊಡನೆ ನಾಲ್ಕು ದಿನ ಇಲ್ಲಿಯೇ ಉಳಿದಿದ್ದನು. "ಮಾವ, ಒಂದು ಹಾಡು ಕೇಳಿಸುತ್ತೇನೆ. ಯಾರ ಕಂಠ, ಎಲ್ಲಿಯದು ಎಂದು ಹೇಳು ನೋಡೋಣ" ಎಂದು ತನ್ನ ಮೊಬೈಲನ್ನು ಒಂದು ಸಣ್ಣ ಧ್ವನಿಪೆಟ್ಟಿಗೆಗೆ ಕೂಡಿಸಿದನು.

ಮೊದಲು ಬಂದದ್ದು ಒಂಟಿ ಹೆಣ್ಣುಕಂಠ. ಅವಸರವಿಲ್ಲದ, ಅಲಂಕಾರಕ್ಕೆ ಆಸೆಪಡದ, ಸ್ವರದ ನಡುವಿಗೇ ನೇರವಾಗಿ ಇಳಿಯುವ ಕಂಠ. ದಕ್ಷಿಣಾದಿ ಪದ್ಧತಿಯದೆಂಬುದರಲ್ಲಿ ಸಂಶಯವಿರಲಿಲ್ಲ. "ಮೈಸೂರು ಸೀಮೆಯವರು, ಒಳ್ಳೆಯ ಗುರುಮುಖದಲ್ಲಿ ಕಲಿತದ್ದು" ಎಂದು ನಾನು ತೀರ್ಪು ಕೊಟ್ಟೆನು. ಅಳಿಯ ನಕ್ಕು ಸುಮ್ಮನಾದನು. ಸ್ವಲ್ಪ ಹೊತ್ತಿನಲ್ಲಿ ಮೃದಂಗ ಘಟಗಳು ಸೇರಿದವು. ಅಷ್ಟರಲ್ಲಿ ಆ ಕಂಠದ ಪಕ್ಕದಲ್ಲಿ ಇನ್ನೊಂದು ಧ್ವನಿ ಎದ್ದಿತು. ಅದು ನಾಗಸ್ವರವಲ್ಲ, ಶಹನಾಯಿಯಲ್ಲ. ಹಿತ್ತಾಳೆಯ ಮೈಯುಳ್ಳ, ಉಸಿರಿನ ಕಾವುಳ್ಳ ಧ್ವನಿ. ಮದುವೆಯ ದಿಬ್ಬಣಗಳಲ್ಲಿ ಕೇಳಿದ ಆ ಧ್ವನಿ ಯಾವುದೆಂದು ನನಗೆ ಕೂಡಲೇ ಗೊತ್ತಾಯಿತು. ಸ್ಯಾಕ್ಸಫೋನು. "ನಿಲ್ಲಿಸು" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಳಿಯನು ಅದನ್ನು ಊಹಿಸಿದವನಂತೆ, "ಇದು ಜ್ಯಾಝ್ ಸಂಗೀತಗಾರನೊಡನೆ ಸೇರಿ ಜರ್ಮನಿಯಲ್ಲಿ 1983ರಲ್ಲಿ ಮುದ್ರಿಸಿದ್ದು, ಮಾವ. ಹೆಸರು ‘ಜ್ಯೋತಿ’. ಹಾಡಿದವರು ಬೆಂಗಳೂರಿನ ರಮಾಮಣಿ" ಎಂದನು. ಬಾಗಿಲ ಹತ್ತಿರ ಬತ್ತಿ ಹೊಸೆಯುತ್ತಿದ್ದ ತಂಗಿ ಆ ವರ್ಷದ ಹೆಸರನ್ನು ಕೇಳಿ ತಲೆಯೆತ್ತಿ ನನ್ನ ಕಡೆ ಒಮ್ಮೆ ನೋಡಿದಳು. ಅನಂತರ ಹಣತೆಯನ್ನೆತ್ತಿಕೊಂಡು ಒಳಗೆ ಹೋದಳು.

ಆ ನೋಟದ ಕಾರಣವನ್ನು ಮುಂದೆ ಹೇಳುವೆನು. ಮೊದಲು ಈ ಗಾಯಕಿಯ ವಿಷಯ.

ಬೆಂಗಳೂರಿನಲ್ಲಿ 1964ರಲ್ಲಿ ಮೃದಂಗವಿದ್ವಾಂಸರಾದ ಟಿ. ಎ. ಎಸ್. ಮಣಿಯವರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯಶಾಲೆಯನ್ನು ಸ್ಥಾಪಿಸಿದರು. ಪಕ್ಕವಾದ್ಯವೆಂದು ಪಕ್ಕಕ್ಕೆ ಕುಳ್ಳಿರಿಸಲ್ಪಟ್ಟ ಮೃದಂಗ, ಘಟ, ಖಂಜಿರ, ಮೋರ್ಚಿಂಗ್‌ಗಳನ್ನು ನಡುವೇದಿಕೆಗೆ ತಂದು ಅವುಗಳಿಂದಲೇ ಕಚೇರಿ ಮಾಡಿಸಿದ ‘ತಾಳತರಂಗಿಣಿ’ ಎಂಬ ವೃಂದವು ಈ ಶಾಲೆಯದೇ. ರಮಾಮಣಿಯವರು ಮಣಿಯವರ ಧರ್ಮಪತ್ನಿ. ಆ ವೃಂದದ ಕಂಠ. ತಾಳವೇ ಪ್ರಧಾನವಾದ ಒಂದು ಮನೆಯಲ್ಲಿ ಹಾಡುವವರಿಗೆ ಬರುವ ಬಲವೇ ಬೇರೆ. ನಮ್ಮ ಗಾಯಕರಲ್ಲಿ ಬಹುಮಂದಿಗೆ ತಾಳವು ಕಾಲುವೆಯ ದಂಡೆಯಂತೆ. ನೀರು ಚೆಲ್ಲದಂತೆ ಅದು ಕಾಯುತ್ತದೆ, ಅಷ್ಟೆ. ಇವರಿಗಾದರೋ ಅದೇ ಪ್ರವಾಹ. ಹಾಡಿದ್ದು ಮಾತ್ರವಲ್ಲ, ವೃಂದವು ನುಡಿಸುವುದಕ್ಕೆ ರಚನೆಗಳನ್ನೂ ಇವರೇ ಮಾಡಿಕೊಟ್ಟರು. ಸಂಗೀತದಲ್ಲಿ ಸ್ತ್ರೀಯರಿಗೆ ಕಂಠವನ್ನು ಒಪ್ಪಿಸಿ ರಚನೆಯನ್ನು ಪುರುಷರು ಇಟ್ಟುಕೊಳ್ಳುವುದೇ ನಮ್ಮಲ್ಲಿ ವಾಡಿಕೆಯಾದುದರಿಂದ, ಇದನ್ನು ಎತ್ತಿ ಹೇಳಬೇಕಾಯಿತು.

ಇಂಥವರು ಜ್ಯಾಝ್ ಸಂಗೀತದ ಸಂಗಡಕ್ಕೆ ಬಂದುದು ಹೇಗೆ? ಅದಕ್ಕೆ ಜ್ಯಾಝ್ ಎಂದರೇನೆಂಬುದನ್ನು ಸ್ವಲ್ಪದರಲ್ಲಿ ತಿಳಿಯಬೇಕು. ಅಮೇರಿಕೆಗೆ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದವರ ಸಂತತಿಯವರು ನ್ಯೂ ಆರ್ಲಿಯನ್ಸ್ ಎಂಬ ಬಂದರುಪಟ್ಟಣದಲ್ಲಿ, ತಮ್ಮ ಪೂರ್ವಜರ ಲಯವನ್ನೂ ತಮ್ಮನ್ನು ಆಳಿದವರ ವಾದ್ಯಗಳನ್ನೂ ಕೂಡಿಸಿ, ಸುಮಾರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೆಳೆಯಿಸಿದ ಸಂಗೀತವಿದು. ಇದರ ಮೊದಲ ಧ್ವನಿಮುದ್ರಿಕೆ ಹೊರಬಂದುದು 1917ರಲ್ಲಿ. ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಬರೆದುದನ್ನು ಬರೆದಂತೆ ನುಡಿಸುವುದು ಕ್ರಮ. ಜ್ಯಾಝಿನಲ್ಲಿ ಒಂದು ಸಣ್ಣ ಪಲ್ಲವಿಯನ್ನು ಎಲ್ಲರೂ ಕೂಡಿ ನುಡಿಸಿ, ಬಳಿಕ ಒಬ್ಬೊಬ್ಬನೂ ತನ್ನ ಸರದಿ ಬಂದಾಗ ಆ ಕ್ಷಣದಲ್ಲಿ ತೋರಿದಂತೆ ಅದನ್ನು ಬೆಳೆಸಿ, ಮತ್ತೆ ಪಲ್ಲವಿಗೆ ಬಂದು ಸೇರಬೇಕು. ನಮ್ಮವರು ಮನೋಧರ್ಮವೆಂದು ಕರೆಯುವುದು ಇದನ್ನೇ ಅಲ್ಲವೇ? ಹೊನ್ನಾವರ ಸೀಮೆಯವರಿಗೆ ಇದನ್ನು ತಿಳಿಸಲು ಇನ್ನೂ ಸುಲಭವಾದ ದೃಷ್ಟಾಂತವಿದೆ. ಬಯಲಾಟದ ಭಾಗವತನು ವೇಷಧಾರಿಯ ಕಾಲು ನೋಡಿ ಪದವನ್ನು ಎಳೆಯುತ್ತಾನೆ, ಮದ್ದಳೆಯವನು ಭಾಗವತನ ಮುಖ ನೋಡಿ ಪೆಟ್ಟು ಬದಲಿಸುತ್ತಾನೆ, ಚಂಡೆಯವನು ಇಬ್ಬರನ್ನೂ ಕೆಣಕುತ್ತಾನೆ. ರಾತ್ರಿ ಎರಡು ಗಂಟೆಗೆ ಗದ್ದೆಬಯಲಿನಲ್ಲಿ ಮೂವರೂ ಸೇರಿ ಕಟ್ಟುವ ಆ ಕಟ್ಟಡಕ್ಕೆ ಮುಂಚಿತವಾಗಿ ನಕ್ಷೆಯಿಲ್ಲ. ಜ್ಯಾಝಿನವರು ಕತ್ತಲೆಯ ಕೋಣೆಯಲ್ಲಿ ಮಾಡುವುದೂ ಇದನ್ನೇ ಎಂದು ಅಳಿಯ ಹೇಳಿದಾಗ ನಾನು ಒಪ್ಪಲಿಲ್ಲ. ಈಗ ಒಪ್ಪಿದ್ದೇನೆ.

ಜ್ಯಾಝ್ ನಮಗೆ ಅಷ್ಟು ದೂರದ್ದೂ ಅಲ್ಲ. 1930ರ ದಶಕದಲ್ಲಿಯೇ ಮುಂಬಯಿಯ ತಾಜಮಹಲ ಹೋಟೆಲಿನಲ್ಲಿ ಅಮೇರಿಕೆಯ ಕರಿಯ ವಾದಕರು ನುಡಿಸುತ್ತಿದ್ದರು. ಅವರಿಂದ ಕಲಿತವರಲ್ಲಿ ಬಹುಮಂದಿ ನಮ್ಮ ಕಾಳಿನದಿಯಾಚೆಯ ಗೋವೆಯ ಕ್ರೈಸ್ತರು. ಚಿಕ್ ಚಾಕೊಲೆಟ್ ಎಂಬ ವಿನೋದದ ಹೆಸರಿನಿಂದ ಪ್ರಸಿದ್ಧನಾದ ತುತ್ತೂರಿವಾದಕನು ಗೋವೆಯ ಅಂತೋನಿಯೊ ವಾಝ್. ಇಂಥವರೇ ಮುಂದೆ ಹಿಂದೀ ಚಲಚ್ಚಿತ್ರಗಳ ವಾದ್ಯವೃಂದಗಳಿಗೆ ಸೇರಿದರು. ಆದುದರಿಂದ ನಮ್ಮ ಮನೆಗಳಲ್ಲಿ ಜ್ಯಾಝನ್ನು ಎಂದೂ ಕೇಳಿಲ್ಲವೆನ್ನುವವರು ರೇಡಿಯೋದಲ್ಲಿ ಹಳೆಯ ಸಿನಿಮಾ ಪದಗಳನ್ನು ಕೇಳುತ್ತ ಅದರ ಎಂಜಲನ್ನು ಉಂಡವರೇ.

ಇನ್ನು ಆ ಸ್ಯಾಕ್ಸಫೋನ್ ನುಡಿಸಿದವನು. ಚಾರ್ಲಿ ಮರಿಯಾನೋ ಎಂಬ ಈತನು ಇಟಲಿಯಿಂದ ವಲಸೆ ಬಂದವರ ಕುಲದಲ್ಲಿ 1923ರಲ್ಲಿ ಅಮೇರಿಕೆಯ ಬಾಸ್ಟನ್ ಪಟ್ಟಣದಲ್ಲಿ ಹುಟ್ಟಿದನು. ಸ್ಟಾನ್ ಕೆಂಟನ್, ಚಾರ್ಲ್ಸ್ ಮಿಂಗಸ್ ಮೊದಲಾದ ದೊಡ್ಡವರ ವೃಂದಗಳಲ್ಲಿ ನುಡಿಸಿ ಹೆಸರು ಪಡೆದ ಮೇಲೆ, ನಡುವಯಸ್ಸಿನಲ್ಲಿ ಮಲೇಶಿಯಕ್ಕೆ ಹೋದಾಗ ಅಲ್ಲಿಯ ತಮಿಳರ ದೇವಾಲಯಸಂಗೀತದ ನಾಗಸ್ವರವನ್ನು ಕೇಳಿ ಮರುಳಾದನು. ಕೀರ್ತಿ ಬಂದ ಮೇಲೆ ಮತ್ತೆ ಶಿಷ್ಯನಾಗುವುದು ಸುಲಭವಲ್ಲ. ಈತನು ಅಲ್ಲಿಯೂ, ಮುಂದೆ ದಕ್ಷಿಣ ಹಿಂದುಸ್ತಾನಕ್ಕೆ ಬಂದೂ ಆ ವಾದ್ಯವನ್ನು ಅಭ್ಯಾಸ ಮಾಡಿದನು.

ಇತ್ತ ಜರ್ಮನಿಯ ಮ್ಯೂನಿಕ್ ಪಟ್ಟಣದಲ್ಲಿ ಕ್ರಿಸ್ಟಿಯಾನ್ ಬುರ್ಖಾರ್ಡ್ ಎಂಬವನು 1969ರಲ್ಲಿ ಎಂಬ್ರಿಯೋ ಎಂಬ ಸಂಗೀತಮಂಡಳಿಯನ್ನು ಕಟ್ಟಿದ್ದನು. ಜ್ಯಾಝ್, ರಾಕ್ ಎಂಬ ಭೇದವಿಲ್ಲದೆ ನುಡಿಸುವ ಮಂದಿ. 1978ರಲ್ಲಿ ಇವರು ವಾದ್ಯಗಳನ್ನೂ ಹೆಂಡಿರು ಮಕ್ಕಳನ್ನೂ ಬಸ್ಸಿನಲ್ಲಿ ತುಂಬಿಕೊಂಡು ತುರ್ಕಸ್ಥಾನ, ಇರಾನ, ಅಫಗಾನಿಸ್ತಾನಗಳ ದಾರಿ ಹಿಡಿದು ನೆಲದ ಮೇಲೆಯೇ ಹಿಂದುಸ್ತಾನಕ್ಕೆ ಬಂದುಬಿಟ್ಟರು. ಇರಾನದಲ್ಲಿ ಆಗ ಕ್ರಾಂತಿ ಹೊತ್ತಿಕೊಂಡಿತ್ತು. ಅಫಗಾನರಲ್ಲಿ ಅದೇ ವರ್ಷ ರಾಜ್ಯ ತಲೆಕೆಳಗಾಗಿತ್ತು. ಸಂಗೀತಕ್ಕಾಗಿ ಹೀಗೆ ಮನೆಮಠ ಬಿಟ್ಟು ಹೊರಟವರನ್ನು ನಾವು ಹುಚ್ಚರೆನ್ನಬಹುದು. ಗುರುವನ್ನು ಹುಡುಕಿಕೊಂಡು ಕಾಶಿಗೆ ಕಾಲ್ನಡಿಗೆಯಲ್ಲಿ ಹೋದ ನಮ್ಮ ಹಿರಿಯರನ್ನು ಮಾತ್ರ ಹಾಗೆನ್ನುವುದಿಲ್ಲ. ಅಂತೂ ಈ ಪ್ರಯಾಣದಲ್ಲಿ ಅವರಿಗೆ ಬೆಂಗಳೂರಿನಲ್ಲಿ ಮಣಿ, ರಮಾಮಣಿಯವರ ಪರಿಚಯವು ಫಲಿಸಿ, ಕೂಡಿ ನುಡಿಸಿದ್ದು ಧ್ವನಿಮುದ್ರಿಕೆಯಾಗಿ ಉಳಿಯಿತು. ಅದೇ ಬಳಗದಿಂದ ಕವಲೊಡೆದ ಡಿಸಿಡೆಂಟನ್ ಎಂಬ ಮಂಡಳಿಯು 1982ರಲ್ಲಿ ಹೊರಡಿಸಿದ ‘ಜರ್ಮನಿಸ್ತಾನ್’ ಎಂಬ ಮುದ್ರಿಕೆಯಲ್ಲಿಯೂ ಬೆಂಗಳೂರಿನ ಈ ಶಾಲೆಯ ಪಾಲುಂಟು.

ಮರುವರ್ಷವೇ ‘ಜ್ಯೋತಿ’. ಪ್ರಕಟಿಸಿದವರು ಮ್ಯೂನಿಕ್ಕಿನ ಇ.ಸಿ.ಎಂ. ಸಂಸ್ಥೆಯವರು. ಮಾನ್‌ಫ್ರೆಡ್ ಐಖರ್ ಎಂಬವನು 1969ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಮುದ್ರಿಕೆಗಳು ಧ್ವನಿಯ ಸ್ವಚ್ಛತೆಗೂ ಮೌನಕ್ಕೆ ಕೊಡುವ ಮರ್ಯಾದೆಗೂ ಲೋಕದಲ್ಲೆಲ್ಲ ಹೆಸರಾದವು. ರಮಾಮಣಿಯವರ ಗಾಯನ, ಮರಿಯಾನೋನ ಸ್ಯಾಕ್ಸಫೋನು ಮತ್ತು ಕೊಳಲು, ಮಣಿಯವರ ಮೃದಂಗ, ಆರ್. ಎ. ರಾಜಗೋಪಾಲರ ಘಟ, ಟಿ. ಎನ್. ಶಶಿಕುಮಾರರ ಖಂಜಿರ, ಇಷ್ಟೇ ಮೇಳ. ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’ ಎಂಬಿವು ಅದರಲ್ಲಿಯ ಕೆಲವು ರಚನೆಗಳ ಹೆಸರು. ಜರ್ಮನರ ಅಂಗಡಿಗಳಲ್ಲಿ ಈ ಸಂಸ್ಕೃತಶಬ್ದಗಳು ರೋಮನ್ ಲಿಪಿಯಲ್ಲಿ ಅಚ್ಚಾಗಿ ಮಾರಾಟಕ್ಕಿದ್ದಾಗ, ನಾನು ಇಲ್ಲಿ ಎಂಟನೆಯ ಇಯತ್ತೆಯ ಹುಡುಗರಿಗೆ ‘ವರ್ಷ’ ಶಬ್ದದ ರೂಪಗಳನ್ನು ಹೇಳಿಸುತ್ತಿದ್ದೆನು.

ಅಳಿಯ ಕಲೋನಿಗೆ ಮರಳುವವರೆಗೆ ಪ್ರತಿರಾತ್ರಿಯೂ ಆ ಮುದ್ರಿಕೆಯನ್ನು ಕೇಳಿದೆನು. ಹೊರಡುವಾಗ ಅದನ್ನು ನನ್ನ ಮೊಬೈಲಿಗೂ ಹಾಕಿಕೊಟ್ಟು, ಆ ಧ್ವನಿಪೆಟ್ಟಿಗೆಯನ್ನು ಇಲ್ಲಿಯೇ ಬಿಟ್ಟುಹೋದನು. ನಾಲ್ಕನೆಯ ಸಲ ಕೇಳುವಾಗ ನನಗೆ ತಿಳಿದುಬಂದ ಸಂಗತಿಯೇನೆಂದರೆ, ಇಲ್ಲಿ ಬಗ್ಗಿದವರು ರಮಾಮಣಿಯವರಲ್ಲ. ಪಾಶ್ಚಾತ್ಯ ಸಂಗೀತದ ಬೆನ್ನೆಲುಬು ಹಲವು ಸ್ವರಗಳನ್ನು ಏಕಕಾಲಕ್ಕೆ ಗೊಂಚಲಾಗಿ ನುಡಿಸಿ, ಆ ಗೊಂಚಲುಗಳನ್ನು ಬದಲಿಸುತ್ತ ಹೋಗುವುದು. ಜ್ಯಾಝಿನವನು ತನ್ನ ಕಲ್ಪನೆಯನ್ನೆಲ್ಲ ಆ ಏಣಿಯ ಮೇಲೆ ಹತ್ತಿಸುವವನು. ಮರಿಯಾನೋ ಆ ಏಣಿಯನ್ನು ಹೊರಗಿಟ್ಟು, ಒಂದೇ ಷಡ್ಜದ ನೆಲದ ಮೇಲೆ ಬಂದು ಕುಳಿತನು. ಸ್ಯಾಕ್ಸಫೋನು ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ ಎಂಬವನು 1840ರ ದಶಕದಲ್ಲಿ ನಿರ್ಮಿಸಿದ ವಾದ್ಯ; ಅದರ ರಂಧ್ರಗಳನ್ನು ಲೋಹದ ಮುಚ್ಚಳಗಳಿಂದ ಮುಚ್ಚಿ ತೆರೆಯುವುದರಿಂದ ಕೊಳಲಿನಲ್ಲಿಯಂತೆ ಬೆರಳನ್ನು ಜಾರಿಸಿ ಗಮಕವನ್ನು ತೆಗೆಯಲು ಬಾರದು. ತುಟಿಯ ಒತ್ತಡದಿಂದಲೂ ಉಸಿರಿನಿಂದಲೂ ಅದನ್ನು ಸಾಧಿಸಬೇಕು. ಈ ತೊಡಕನ್ನು ಗೆದ್ದು ಸ್ಯಾಕ್ಸಫೋನಿನಲ್ಲಿ ತ್ಯಾಗರಾಜರ ಕೃತಿಗಳನ್ನು ನುಡಿಸಿದ ಕದ್ರಿ ಗೋಪಾಲನಾಥರು ನಮ್ಮ ನೆರೆಯ ದಕ್ಷಿಣಕನ್ನಡದವರೇ. ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತವರು, 1980ರಲ್ಲಿ ಮುಂಬಯಿಯ ಜ್ಯಾಝ್ ಉತ್ಸವದಲ್ಲಿ ಅಮೇರಿಕೆಯ ಜಾನ್ ಹ್ಯಾಂಡಿಯೊಡನೆ ನುಡಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಬರೆದವು. ಪುರುಷನ ವಾದ್ಯಕ್ಕೆ ದೊರೆತ ಈ ಕೀರ್ತಿಯ ಒಂದಂಶವಾದರೂ ರಮಾಮಣಿಯವರ ಕಂಠಕ್ಕೆ ನಮ್ಮಲ್ಲಿ ದೊರೆತಿಲ್ಲವೆಂಬುದು ನನ್ನ ಅಭಿಪ್ರಾಯ.

ಅವರ ಗಾಯನದಲ್ಲಿ ನನ್ನನ್ನು ಸೆರೆಹಿಡಿದುದು ಶಬ್ದವಿಲ್ಲದ ಭಾಗಗಳು. ಜ್ಯಾಝಿನಲ್ಲಿ ಅರ್ಥವಿಲ್ಲದ ಅಕ್ಷರಗಳಿಂದ ಕಂಠವನ್ನು ವಾದ್ಯದಂತೆ ನುಡಿಸುವ ಪದ್ಧತಿಯೊಂದುಂಟು. ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಮಹಾವಾದಕನು 1926ರಲ್ಲಿ ಮುದ್ರಿಸಿದ ಒಂದು ಹಾಡಿನಿಂದ ಅದು ಪ್ರಚಾರಕ್ಕೆ ಬಂತು. ನಮ್ಮಲ್ಲಿಯಾದರೋ ಸ್ವರಕಲ್ಪನೆ, ಸೊಲ್ಲುಕಟ್ಟುಗಳು ಎಂದಿನಿಂದಲೋ ಇವೆ. ‘ತಕಧಿಮಿ ತಕಜನು’ ಎಂದು ಮೃದಂಗದ ಪಾಠಾಕ್ಷರಗಳನ್ನು ಬಾಯಿಂದ ನುಡಿಯುವುದನ್ನು ನಾವು ಬಾಲಪಾಠವೆಂದು ಎಣಿಸುತ್ತೇವೆ. ಅದೇ ಅಕ್ಷರಗಳನ್ನು ಈಕೆ ಸ್ವರಕ್ಕೆ ಹತ್ತಿಸಿ, ಐದರ ನಡೆಯಿಂದ ಏಳರ ನಡೆಗೆ, ಅಲ್ಲಿಂದ ಒಂಬತ್ತಕ್ಕೆ ದಾಟಿಸುವಾಗ, ಹೊಳೆ ದಾಟುವ ಹುಡುಗಿಯೊಬ್ಬಳು ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತಿರುವಂತೆ ತೋರುತ್ತದೆ. ಎಲ್ಲಿ ಜಾರುವಳೋ ಎಂದು ಕೇಳುವವನಿಗೆ ಭಯ, ಅವಳಿಗಿಲ್ಲ.

ಮುಂದೆಯೂ ಈ ಸ್ನೇಹವು ಕಡಿಯಲಿಲ್ಲ. ಮರಿಯಾನೋ ಯುರೋಪಿನಲ್ಲಿಯೇ ನೆಲಸಿ, ಬೆಂಗಳೂರಿನವರೊಡನೆ ಮತ್ತೆ ಮತ್ತೆ ನುಡಿಸಿದನು. 1998ರ ಒಂದು ಮುದ್ರಿಕೆಗೆ ‘ಬೆಂಗಳೂರು’ ಎಂದೇ ಹೆಸರು. ಪಿಯಾನೋವಾದಕ ಲೂಯಿ ಬ್ಯಾಂಕ್ಸರ ‘ಸಂಗಮ’ ಎಂಬ ವೃಂದದಲ್ಲಿಯೂ ರಮಾಮಣಿಯವರು ಹಾಡಿದರು. ಮರಿಯಾನೋ 2009ರಲ್ಲಿ ಕಲೋನಿನಲ್ಲಿ ದೇಹವಿಟ್ಟನು. ಮಣಿಯವರು 2020ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಲವಶರಾದರು. ಅವೆಲ್ಲ ಮಹಾವ್ಯಾಧಿಯಿಂದ ಊರೂರುಗಳು ಬಾಗಿಲು ಹಾಕಿಕೊಂಡಿದ್ದ ದಿನಗಳು.

ಈಗ ನನ್ನ ಮಾತು.

1984ರ ವೈಶಾಖ. ತಂದೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ನನಗೆ ಇಪ್ಪತ್ತಾರು, ಮನೆಗೆ ಹಿರಿಯ ನಾನೇ. ತಂಗಿಗೆ ಹತ್ತೊಂಬತ್ತು. ಕುಮಟೆಯಿಂದ ವಾರಕ್ಕೊಮ್ಮೆ ಬರುತ್ತಿದ್ದ ಗುರುಗಳೊಬ್ಬರಲ್ಲಿ ಆರು ವರ್ಷ ಹಿಂದುಸ್ತಾನೀ ಗಾಯನವನ್ನು ಕಲಿತಿದ್ದಳು. ಹೊನ್ನಾವರದ ಒಂದು ಮದುವೆಯಲ್ಲಿ ಇವಳು ಆರತಿಯ ಪದ ಹಾಡಿದುದನ್ನು ಅಲ್ಲಿ ವಾದ್ಯಕ್ಕೆ ಬಂದಿದ್ದ ಬ್ಯಾಂಡ್ ಮಾಸ್ತರರೊಬ್ಬರು ಕೇಳಿದರು. ಗೋವೆಯ ಮೂಲದ ಕ್ರೈಸ್ತರು, ವಯಸ್ಸಾದವರು. ಸ್ಯಾಕ್ಸಫೋನ್ ನುಡಿಸುವುದರಲ್ಲಿ ಹೆಸರಾದವರು. ಎಂಟು ದಿನದ ಮೇಲೆ ಬಸ್ಸಿನಲ್ಲಿ ಮಾವಳ್ಳಿಗೆ ಬಂದು, ನಮ್ಮ ಜಗಲಿಯ ಅಂಚಿನಲ್ಲಿ ಕುಳಿತು, ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಾರವಾರದಲ್ಲಿ ತಮ್ಮ ಮೇಳದ ಕಾರ್ಯಕ್ರಮವಿದೆ, ತಂಗಿಯನ್ನು ಎರಡು ಪದ ಹಾಡಲು ಕಳಿಸಿಕೊಡಬೇಕು, ಬೇಕಾದರೆ ತಾವೇ ಜೊತೆಗೆ ಬನ್ನಿ ಎಂದು ನನ್ನನ್ನು ಕೇಳಿಕೊಂಡರು.

ನಾನು ಅವರಿಗೆ ಉಪನ್ಯಾಸ ಮಾಡಿದೆನು. ಅದೇ ತಾನೆ ಓದಿದ್ದ ಗ್ರಂಥಗಳು ತಲೆಯಲ್ಲಿ ಬಿಸಿಯಾಗಿದ್ದವು. ನಾದವು ಉಪಾಸನೆಯೆಂದೂ, ವಿಜಾತೀಯ ವಾದ್ಯಗಳೊಡನೆ ಅದನ್ನು ಬೆರೆಸುವುದು ಸಂಕರವೆಂದೂ, ಸಂಕರದಿಂದ ಎರಡೂ ಕೆಡುವುವೆಂದೂ, ಕುಲಸ್ತ್ರೀಯರ ಗಾಯನ ಬ್ಯಾಂಡಿನವರ ವೇದಿಕೆಗಲ್ಲವೆಂದೂ ಅರ್ಧ ಗಂಟೆ ಹೇಳಿದೆನು. ಆ ವೃದ್ಧರು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ತಾಯಿಯವರು ಕಳಿಸಿದ ಪಾನಕವನ್ನು ಕುಡಿದು, "ನೀವು ಓದಿದವರು ಮಾಸ್ತರೇ, ದೇವರು ಒಳ್ಳೇದು ಮಾಡಲಿ" ಎಂದು ಎದ್ದುಹೋದರು. ಬಿಸಿಲಲ್ಲಿ ಅವರು ಬಸ್ಸಿಗಾಗಿ ಮುಕ್ಕಾಲು ಗಂಟೆ ನಿಂತಿದ್ದುದು ನನಗೆ ಜಗಲಿಯಿಂದ ಕಾಣುತ್ತಿತ್ತು. ಒಳಗೆ ಬಂದು ಕುಳಿತಿರಿ ಎಂದು ನಾನು ಹೇಳಲಿಲ್ಲ.

ತಂಗಿ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿದ್ದಳು. ವಾದಿಸಲಿಲ್ಲ, ಅಳಲಿಲ್ಲ. ಒಂದು ತಿಂಗಳ ಮೇಲೆ ಗುರುಗಳಿಗೆ ಇನ್ನು ಬರುವುದು ಬೇಡವೆಂದು ಅವಳೇ ಹೇಳಿಕಳಿಸಿದಳು. ತಂಬೂರಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು. ಮರುವರ್ಷ ಮದುವೆಯಾಯಿತು. ಆಮೇಲೆ ಅವಳು ಹಾಡಿದ್ದನ್ನು ನಾನು ಕೇಳಲಿಲ್ಲ. ಮಗನನ್ನು ತೊಟ್ಟಿಲಲ್ಲಿ ತೂಗುವಾಗಲೂ ಕೇಳಲಿಲ್ಲ. ಮನೆಕೆಲಸ, ಮಕ್ಕಳು, ಹೆಂಗಸರ ಸಂಗೀತವೆಲ್ಲ ಹೀಗೆಯೇ ಎಂದು ನಾನು ಸಮಾಧಾನ ಹೇಳಿಕೊಂಡಿದ್ದೆನು.

ಸಂಕರವೆಂದು ಅಂದು ಅಷ್ಟು ಬಲವಾಗಿ ಹೇಳಿದೆನಷ್ಟೆ. ಈ ಸಲ ಅಳಿಯ ಹೋದ ಮೇಲೆ ಸಂಗೀತರತ್ನಾಕರವನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ತಿರುವಿದೆನು. ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿ ಹದಿಮೂರನೆಯ ಶತಮಾನದಲ್ಲಿದ್ದ ಶಾರ್ಙ್ಗದೇವನ ಗ್ರಂಥ. ಅದಕ್ಕೆ ವಿಜಯನಗರದ ಕಲ್ಲಿನಾಥನ ವ್ಯಾಖ್ಯಾನ. ಅದರ ರಾಗಗಳ ಪಟ್ಟಿಯಲ್ಲಿ ತುರುಷ್ಕತೋಡಿ ಇದೆ, ತುರುಷ್ಕಗೌಡ ಇದೆ. ತುರುಷ್ಕರ ಹೆಸರಿನ ರಾಗಗಳನ್ನು ಆ ಮಹಾನುಭಾವನು ಹೊರಗೆ ನಿಲ್ಲಿಸಲಿಲ್ಲ. ಒಳಗೆ ಕರೆದು ಲಕ್ಷಣ ಹೇಳಿದನು. ಶುದ್ಧ, ಛಾಯಾಲಗ, ಸಂಕೀರ್ಣವೆಂದು ರಾಗಗಳನ್ನು ಮೂರಾಗಿ ವಿಂಗಡಿಸುವ ನಮ್ಮ ಶಾಸ್ತ್ರಪರಂಪರೆಯಲ್ಲಿ ಸಂಕೀರ್ಣವೆಂಬುದು ನಿಂದೆಯಲ್ಲ, ಒಂದು ವರ್ಗದ ಹೆಸರು. ತಾಳದಲ್ಲಿ ಒಂಬತ್ತಕ್ಷರದ ಜಾತಿಗೂ ಅದೇ ಹೆಸರು. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವಕ್ಕೆ ಸಂಸ್ಕೃತಸಾಹಿತ್ಯವನ್ನು ಕಟ್ಟಿದರು. ಅಂಥವು ಮೂವತ್ತಕ್ಕೂ ಮಿಕ್ಕಿ ಇವೆ. ಅವರ ತಮ್ಮ ಬಾಲುಸ್ವಾಮಿಗಳು ಪಿಟೀಲನ್ನು ನಮ್ಮದನ್ನಾಗಿ ಮಾಡಿದರು. ಇದೆಲ್ಲ 1984ರಲ್ಲಿಯೂ ನನ್ನ ಪುಸ್ತಕಗ�ಳಲ್ಲಿ ಇತ್ತು. ನಾನು ಅದನ್ನು ಓದಿಯೂ ಇದ್ದೆನು. ಪಾನಕದ ಲೋಟವನ್ನು ಕೈಯಲ್ಲಿ ಹಿಡಿದು ಕುಳಿತಿದ್ದ ಆ ವೃದ್ಧರ ಎದುರಿಗೆ ನೆನಪಿಗೆ ಬರಲಿಲ್ಲ. ಶಾಸ್ತ್ರವು ಅಡ್ಡಬಂದಿತೆಂದು ಹೇಳಿದರೆ ಶಾಸ್ತ್ರಕ್ಕೆ ಅನ್ಯಾಯ ಮಾಡಿದಂತಾಗುವುದು.

ತಂಗಿ ಶ್ರಾವಣ ಹುಟ್ಟುವವರೆಗೆ ಇಲ್ಲಿಯೇ ಇದ್ದಳು. ಹೊರಡುವ ಮುನ್ನಾದಿನ ರಾತ್ರಿ ಊಟವಾದ ಮೇಲೆ ನಾನೇ ಆ ಪೆಟ್ಟಿಗೆಯನ್ನು ಜಗಲಿಗೆ ತಂದಿಟ್ಟು, "ಕುಳಿತುಕೋ, ಕೇಳು" ಎಂದೆನು. ಕುಳಿತಳು. ಮೊದಲ ಹಾಡು ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಬಳಿಕ ನಾನು ಬಹಳ ಪ್ರಯಾಸದಿಂದ, "ಆ ದಿನ ನಾನು ಆ ಮಾಸ್ತರರಿಗೆ ಹಾಗೆ ಹೇಳಬಾರದಿತ್ತು" ಎಂದೆನು.

"ಅವರು ನನ್ನಿಂದ ಏನು ಹಾಡಿಸಬೇಕೆಂದಿದ್ದರು, ನಿನಗೆ ಗೊತ್ತೇ ಅಣ್ಣ?" ಎಂದಳು.

ನನಗೆ ಗೊತ್ತಿರಲಿಲ್ಲ. ಸಿನಿಮಾ ಪದಗಳೋ, ಇಂಗ್ಲಿಷಿನ ಪದಗಳೋ ಇರಬೇಕೆಂದು ನಲವತ್ತು ವರ್ಷ ತಿಳಿದಿದ್ದೆನು.

"ಪುರಂದರದಾಸರ ಎರಡು ಪದ. ಮದುವೆಯ ಮನೆಯಲ್ಲಿಯೇ ಹೇಳಿದ್ದರು. ನೀನು ಹಾಡುತ್ತ ಹೋಗು ಮಗಾ, ನಾನು ಹಿಂದಿನಿಂದ ಬರುತ್ತೇನೆ, ಮುಂದೆ ಬರುವುದಿಲ್ಲ ಎಂದಿದ್ದರು."

"ನನಗೆ ಏಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

ಇದನ್ನು ಅವಳು ಕೋಪದಿಂದ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲಿತ್ತು ಎಂಬಷ್ಟು ಸಹಜವಾಗಿ ಹೇಳಿದಳು. ಅಟ್ಟದ ತಂಬೂರಿಯನ್ನು ಇಳಿಸಿ ನೋಡಿದೆನೆಂದೂ, ಬುರುಡೆ ಸೀಳಿದೆ, ಸರಿಮಾಡಿಸಲು ಬರುವುದೋ ವಿಚಾರಿಸುವೆನೆಂದೂ ಹೇಳಿದೆನು. "ಬಿಡು, ಇಲಿ ಕಡಿದದ್ದನ್ನು ನಾನು ಆಗಲೇ ನೋಡಿದ್ದೆ" ಎಂದಳು. ಯಾವಾಗ ನೋಡಿದ್ದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ, "ಆ ಮೂರನೆಯದನ್ನು ಹಾಕು" ಎಂದಳು. ಹಾಕಿದೆನು. ಮೃದಂಗ ಎತ್ತಿಕೊಂಡಿತು. ನಾನು ಪುಸ್ತಕಪಾಂಡಿತ್ಯದ ಧೈರ್ಯದಿಂದ ತೊಡೆಯ ಮೇಲೆ ತಾಳ ಹಾಕಲು ಹೊರಟು, ನಾಲ್ಕನೆಯ ಆವರ್ತದಲ್ಲಿ ಎಲ್ಲಿದ್ದೇನೆಂಬುದನ್ನೇ ಕಳೆದುಕೊಂಡೆನು. ತಂಗಿಯ ಬಲಗೈ ಸೀರೆಯ ಸೆರಗಿನೊಳಗಿತ್ತು. ಹೆಬ್ಬೆರಳು ಮಾತ್ರ ಬೆರಳುಗಳ ಗಿಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿರುವುದು ದೀಪದ ಬೆಳಕಿನಲ್ಲಿ ಕಾಣುತ್ತಿತ್ತು. ಹೊರಗೆ ಮಳೆ ಹಿಡಿದುಕೊಂಡಿತು. ಕಂಠವೂ ಸ್ಯಾಕ್ಸಫೋನೂ ಒಂದನ್ನೊಂದು ಅಟ್ಟಿಸಿಕೊಂಡು ಮೇಲಕ್ಕೇರುತ್ತಿದ್ದವು. ಇನ್ನೇನು ಸಮ ಬಂತೆಂದು ನಾನು ತಲೆ ಹಾಕಿದೆನು.

"ಅಲ್ಲ ಅಣ್ಣ, ಇನ್ನೂ ಇಲ್ಲ" ಎಂದಳು ತಂಗಿ. ಸ್ವಲ್ಪ ತಡೆದು, "ಈಗ" ಎಂದಳು.